ಅಜ್ಜಿಗೆ ಬಂದದ್ದು ನಿದ್ದೆಯಲ್ಲ

ಮಕ್ಕಳೇ, ಇದನ್ನು ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಪೇಪರ್ ಓದುತ್ತ ಕುಳಿತಿದ್ದರೆ, ಅವರಿಗೆ ಗೊತ್ತಾಗದ ಹಾಗೆ ಪಕ್ಕದಲ್ಲಿ ಕುಳಿತುಕೊಳ್ಳಿ. ಗೋಡೆ ಗಡಿಯಾರ ನೋಡುತ್ತ, ಒಂದು ನಿಮಿಷದಲ್ಲಿ ಅವರ ಎದೆ ಎಷ್ಟು ಸಲ ಏರಿ ಇಳಿಯುತ್ತದೆ ಎಂದು ಎಣಿಸಿ. ಮೊದಲೇ ಹೇಳಿಬಿಟ್ಟರೆ ಲೆಕ್ಕ ಕೆಡುತ್ತದೆ. ಯಾರೋ ನೋಡುತ್ತಿದ್ದಾರೆ ಎಂದು ತಿಳಿದ ಕೂಡಲೇ ನಮ್ಮ ಉಸಿರು ಬೇರೆ ತಾಳ ಹಿಡಿಯುತ್ತದೆ.

ಆರೋಗ್ಯವಂತ ದೊಡ್ಡವರಿಗೆ, ಸುಮ್ಮನೆ ಕುಳಿತಿರುವಾಗ, ನಿಮಿಷಕ್ಕೆ 12ರಿಂದ 20 ಉಸಿರು ಬರಬೇಕು. ಮೊನ್ನೆ ನನ್ನ ಮೊಮ್ಮಗಳು ಎಣಿಸಿದಾಗ ನನಗೆ 16 ಬಂತು. ಲೆಕ್ಕದವನ ಚಾಳಿ, ಬಿಡುತ್ತದೆಯೇ? ಕೂಡಲೇ ಗುಣಿಸಿ ನೋಡಿದೆ. ಗಂಟೆಗೆ 960, ದಿನಕ್ಕೆ 23,040. ಇಷ್ಟೊಂದು ಸಲ ನಡೆಯುವ ವ್ಯವಹಾರವನ್ನು ನಾವು ಒಂದು ಸಲವೂ ಗಮನಿಸುವುದಿಲ್ಲ.

ನಾನು ವೈದ್ಯನಲ್ಲ. ಬಿ.ಕಾಂ. ಮುಗಿಸಿ, ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಜಮಾ, ಪಾವತಿ, ಲೆಡ್ಜರ್ ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಆದರೂ ಉಸಿರಾಟದ ವೈಫಲ್ಯ ಎನ್ನುವ ವಿಷಯವನ್ನು ನಾನು ಕಲಿಯಬೇಕಾಯಿತು. ನನ್ನ ಕೈಯಿಂದಲೇ ಒಂದು ತಪ್ಪು ನಡೆದುಹೋದ ಮೇಲೆ ಕಲಿತೆ. ಆ ತಪ್ಪು ನಿಮ್ಮ ಮನೆಯಲ್ಲಿ ನಡೆಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಒಲೆಯ ಮುಂದೆ ಕಳೆದ ವರ್ಷಗಳು

ನನ್ನ ಹೆಂಡತಿ ಹೊಸನಗರದ ಕಡೆಯ ಒಂದು ಹಳ್ಳಿಯವಳು. ಎಂಟು ವರ್ಷಕ್ಕೇ ಅವಳ ಕೈಗೆ ಊದುಗೊಳವೆ ಬಂದಿತ್ತು. ಮಳೆಗಾಲದಲ್ಲಿ ಸೌದೆ ಹಸಿ. ಊದಿದಷ್ಟೂ ಹೊಗೆ. ಬೆಳಗ್ಗೆ ಬಚ್ಚಲೊಲೆ, ಆಮೇಲೆ ಅಡುಗೆ ಒಲೆ, ಅಡಿಕೆ ಕೊಯ್ಲು ಬಂದರೆ ಅಡಿಕೆ ಬೇಯಿಸುವ ದೊಡ್ಡ ಒಲೆ. ನಮ್ಮ ಮದುವೆಯಾಗಿ ಹಲವು ವರ್ಷಗಳ ಮೇಲೆ, 1986ರಲ್ಲಿ, ನಮ್ಮ ಮನೆಗೆ ಗ್ಯಾಸ್ ಬಂತು. ಅಷ್ಟರಲ್ಲಿ ಅವಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೊಗೆ ಕುಡಿದಾಗಿತ್ತು.

ಅರವತ್ತು ದಾಟಿದ ಮೇಲೆ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯಿತಲ್ಲ ಎಂದುಕೊಂಡೆವು. ವೈದ್ಯರು ಒಂದು ಯಂತ್ರಕ್ಕೆ ಊದಿಸಿ ನೋಡಿ, "ಇದು ಸಿ.ಓ.ಪಿ.ಡಿ." ಅಂದರು. ಶ್ವಾಸನಾಳಗಳು ಕಿರಿದಾಗಿ, ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ. "ಬೀಡಿ ಸಿಗರೇಟು ಸೇದುವವರಿಗಲ್ಲವೇ ಅದು ಬರುವುದು?" ಎಂದು ಕೇಳಿದೆ. "ಒಲೆ ಊದಿದವರಿಗೂ ಬರುತ್ತದೆ ಸರ್" ಅಂದರು. ಬೀಡಿ ಮುಟ್ಟದ ಎಷ್ಟೋ ಅಜ್ಜಿಯರ ಕೆಮ್ಮಿನ ಹಿಂದೆ ಅಡುಗೆಮನೆಯ ಹೊಗೆ ಇದೆ ಎಂದು ನನಗೆ ಆವತ್ತು ತಿಳಿಯಿತು.

ಕೆಲವು ವರ್ಷಗಳ ಮೇಲೆ ಮನೆಗೇ ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಸಣ್ಣ ಟ್ರಂಕಿನಷ್ಟು ದೊಡ್ಡ ಯಂತ್ರ. ಗಾಳಿಯಲ್ಲಿರುವ ಸಾರಜನಕವನ್ನು ತಡೆದು ಆಮ್ಲಜನಕವನ್ನು ಮೂಗಿನ ನಳಿಕೆಗೆ ಬಿಡುತ್ತದೆ. ಮುಂಭಾಗದಲ್ಲಿ ಒಂದು ಪಾರದರ್ಶಕ ಕೊಳವೆ, ಅದರೊಳಗೆ ಗೋಲಿಯಂಥ ಗುಂಡು. ಕೆಳಗಿನ ತಿರುಪು ತಿರುಗಿಸಿದರೆ ಗುಂಡು ಮೇಲೇರುತ್ತದೆ. ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದು ಇಷ್ಟು: ನಿಮಿಷಕ್ಕೆ 1 ಲೀಟರ್. ಬೆರಳಿನ ಆಕ್ಸಿಮೀಟರ್‌ನಲ್ಲಿ 88ರಿಂದ 92 ಇದ್ದರೆ ಸಾಕು.

ನಾನು ತಿರುಗಿಸಿದ ತಿರುಪು

2022ರ ನವೆಂಬರ್ ಕೊನೆಯ ವಾರ. ಚಳಿ ಆಗಷ್ಟೇ ಕಾಲಿಟ್ಟಿತ್ತು. ಮಗ, ಸೊಸೆ ದಾವಣಗೆರೆಗೆ ಮದುವೆಗೆಂದು ಹೋಗಿದ್ದರು. ಮನೆಯಲ್ಲಿ ನಾನು, ಹೆಂಡತಿ, ಆಗ ನಾಲ್ಕನೇ ತರಗತಿಯಲ್ಲಿದ್ದ ಮೊಮ್ಮಗಳು ಪುಟ್ಟಿ. ಅಜ್ಜಿಗೆ ಎರಡು ದಿನದಿಂದ ನೆಗಡಿ, ಕೆಮ್ಮು, ಹಳದಿ ಕಫ.

ರಾತ್ರಿ ಹತ್ತು ಗಂಟೆಗೆ ಬೆರಳಿಗೆ ಆಕ್ಸಿಮೀಟರ್ ಹಾಕಿದೆ. 86 ತೋರಿಸಿತು. ಎದೆ ಧಸಕ್ಕೆಂದಿತು. ಕೋವಿಡ್ ಕಾಲದಲ್ಲಿ ನಾವೆಲ್ಲ ಆ ಪುಟ್ಟ ಯಂತ್ರವನ್ನು ದೇವರ ಮುಂದಿನ ದೀಪದಂತೆ ಕಾದವರು. 94ಕ್ಕಿಂತ ಕೆಳಗೆ ಬಂದರೆ ಅಪಾಯ ಎಂದು ಎಲ್ಲರ ತಲೆಯಲ್ಲೂ ಕುಳಿತುಬಿಟ್ಟಿತ್ತು. ಆ ಹೊತ್ತಿನಲ್ಲಿ ವೈದ್ಯರಿಗೆ ಫೋನು ಮಾಡಲು ಸಂಕೋಚವಾಯಿತು. ತಿರುಪು ತಿರುಗಿಸಿದೆ. ಗುಂಡು 1ರಿಂದ 2ಕ್ಕೆ, 3ಕ್ಕೆ, 4ಕ್ಕೆ ಏರಿತು. ಸ್ವಲ್ಪ ಹೊತ್ತಿನಲ್ಲಿ ಆಕ್ಸಿಮೀಟರ್ 97 ತೋರಿಸಿತು.

ಮೂವತ್ತೇಳು ವರ್ಷ, ವೋಚರಿನಲ್ಲಿ ಬರೆದದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಟ್ಟವನಲ್ಲ ನಾನು. ಆವತ್ತು 1 ಎಂದು ಬರೆದ ಕಡೆ 4 ಕೊಟ್ಟೆ. ಕೊಟ್ಟು, ಡೈರಿಯಲ್ಲಿ "97" ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು, ನೆಮ್ಮದಿಯಿಂದ ಮಲಗಿದೆ.

ಮರುದಿನ ಭಾನುವಾರ. ಏಳು ಗಂಟೆಯಾದರೂ ಹೆಂಡತಿ ಏಳಲಿಲ್ಲ. ಎರಡು ರಾತ್ರಿ ಕೆಮ್ಮಿ ಕೆಮ್ಮಿ ನಿದ್ದೆಗೆಟ್ಟವಳು, ಈಗ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾಳೆ. ಮಲಗಲಿ ಪಾಪ ಎಂದುಕೊಂಡು ಬಾಗಿಲು ಮುಂದೆ ಮಾಡಿ ಬಂದು ಕಾಫಿ ಮಾಡಿಕೊಂಡೆ. ಬೆರಳು ನೋಡಿದೆ, 97. ಇನ್ನೇನು ಬೇಕು?

ಪುಟ್ಟಿ ಬಾಚಣಿಗೆ ಹಿಡಿದುಕೊಂಡು ಅಜ್ಜಿಯ ಕೋಣೆಗೆ ಹೋದಳು. ಅವಳ ಎರಡು ಜಡೆ ಹಾಕುವುದು ಅಜ್ಜಿಯ ದಿನದ ಮೊದಲ ಕೆಲಸ. ಐದು ನಿಮಿಷಕ್ಕೆ ವಾಪಸು ಬಂದಳು.

"ಅಜ್ಜ, ಅಜ್ಜಿ ಕಣ್ಣು ಬಿಟ್ರು, ಮತ್ತೆ ಮುಚ್ಚಿಕೊಂಡ್ರು. ನನ್ನನ್ನ ಬೇರೆ ಹೆಸರು ಹಿಡಿದು ಕರೆದ್ರು."

"ನಿದ್ದೆಗಣ್ಣು ಪುಟ್ಟಿ, ಬಿಡು."

"ಇಲ್ಲ ಅಜ್ಜ. ಕೈ ನಡುಗ್ತಾ ಇದೆ. ಇದು ನಿದ್ದೆಯಲ್ಲ."

ಅವಳು ಹೇಳಿದ ಹೆಸರು, ಹೆಂಡತಿಯ ತೀರಿಹೋದ ತಂಗಿಯದು. ನಾನು ಎದ್ದು ಓಡಿದೆ. ಹೆಂಡತಿಯ ಮುಖ ಕೆಂಪೇರಿ ಬೆವರಿತ್ತು, ಕೈ ಬೆಚ್ಚಗಿತ್ತು. ಭುಜ ಹಿಡಿದು ಅಲುಗಿಸಿದರೆ "ಹ್ಞೂಂ" ಅಂದು ಮತ್ತೆ ಜಾರುತ್ತಿದ್ದಳು. ಪುಟ್ಟಿಯೇ 108ಕ್ಕೆ ಫೋನು ಮಾಡಿ ಫೋನನ್ನು ನನ್ನ ಕಿವಿಗೆ ಹಿಡಿದಳು. ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬ ಎಳೆಯ ವೈದ್ಯ ಅವಳ ಮಣಿಕಟ್ಟಿನ ನಾಡಿ ಹಿಡಿದು, ಅಲ್ಲಿಂದಲೇ ರಕ್ತ ತೆಗೆದರು. ತೋಳಿನಿಂದ ತೆಗೆಯುವ ಮಾಮೂಲು ರಕ್ತ ಅಲ್ಲ, ಅಪಧಮನಿಯ ರಕ್ತ. ಕೆಲವೇ ನಿಮಿಷಗಳಲ್ಲಿ ಸಣ್ಣ ಚೀಟಿ ಬಂತು. ಇಂಗಾಲದ ಡೈಆಕ್ಸೈಡ್ 35ರಿಂದ 45ರ ಒಳಗಿರಬೇಕಾದದ್ದು 92 ಇತ್ತು. ಮಾಸ್ಕಿನ ಯಂತ್ರ ಬರುವ ತನಕ ಒಬ್ಬ ನರ್ಸ್ ಹುಡುಗಿ ಹೆಂಡತಿಯ ಮುಖಕ್ಕೆ ಮಾಸ್ಕ್ ಒತ್ತಿಹಿಡಿದು, ಅದಕ್ಕೆ ಜೋಡಿಸಿದ್ದ ಚೀಲವನ್ನು ಒತ್ತುತ್ತ, ಬಿಡುತ್ತ, ಒತ್ತುತ್ತ ನಿಂತಳು. ಆಚೀಚೆ ನೋಡಲಿಲ್ಲ.

ವೈದ್ಯರು ನನ್ನ ಕಡೆ ತಿರುಗಿ, "ಸರ್, ಮನೆಯಲ್ಲಿ ಆಕ್ಸಿಜನ್ ಎಷ್ಟರಲ್ಲಿ ಇಟ್ಟಿದ್ರಿ?" ಎಂದು ಕೇಳಿದರು.

ಸುಳ್ಳು ಹೇಳಬೇಕೆಂದು ಒಂದು ಕ್ಷಣ ಅನ್ನಿಸಿತು. "ನಾಲ್ಕು" ಅಂದೆ. "ನಾನೇ ತಿರುಗಿಸಿದೆ."

ಜಮಾ ಕೌಂಟರ್, ಪಾವತಿ ಕೌಂಟರ್

ಆ ವೈದ್ಯರು ನನ್ನನ್ನು ಬೈಯಲಿಲ್ಲ. ಸಂಜೆ ಕರೆದು ಕೂರಿಸಿಕೊಂಡು, ಹಾಳೆಯ ಮೇಲೆ ಗಾಳಿಚೀಲದ ಚಿತ್ರ ಬರೆದು ವಿವರಿಸಿದರು. ನಾನು ಅದನ್ನು ನನ್ನ ಭಾಷೆಗೆ ಬದಲಿಸಿಕೊಂಡಿದ್ದೇನೆ.

ಮಕ್ಕಳೇ, ಹಿಂದಿನ ಕಾಲದ ಬ್ಯಾಂಕ್ ಶಾಖೆ ಹೀಗಿರುತ್ತಿತ್ತು: ಒಂದು ಕಿಟಕಿಯಲ್ಲಿ ಜಮಾ, ಇನ್ನೊಂದು ಕಿಟಕಿಯಲ್ಲಿ ಪಾವತಿ. ಒಂದರಲ್ಲಿ ಹಣ ಒಳಗೆ ಬರುತ್ತದೆ, ಇನ್ನೊಂದರಲ್ಲಿ ಹೊರಗೆ ಹೋಗುತ್ತದೆ. ಶ್ವಾಸಕೋಶದಲ್ಲೂ ಹಾಗೆಯೇ. ಅಲ್ಲಿ 30 ಕೋಟಿಗೂ ಮಿಕ್ಕ ಪುಟ್ಟ ಗಾಳಿಚೀಲಗಳಿವೆ. ಬಿಡಿಸಿ ನೆಲಕ್ಕೆ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ಒಂದು ಚಿಕ್ಕ ಮನೆಯ ನೆಲದಷ್ಟು. ಪ್ರತಿಯೊಂದು ಗಾಳಿಚೀಲದಲ್ಲೂ ಎರಡು ಕಿಟಕಿ. ಜಮಾ ಕಿಟಕಿಯಲ್ಲಿ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಪಾವತಿ ಕಿಟಕಿಯಲ್ಲಿ ಇಂಗಾಲದ ಡೈಆಕ್ಸೈಡ್ ರಕ್ತದಿಂದ ಹೊರಗೆ ಹೋಗುತ್ತದೆ.

ನಾವು ಒಳಗೆಳೆಯುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ, 0.04 ಪಾಲು. ಹೊರಗೆ ಬಿಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 16ಕ್ಕೆ ಇಳಿದಿರುತ್ತದೆ, ಇಂಗಾಲದ ಡೈಆಕ್ಸೈಡ್ ಸುಮಾರು 4ಕ್ಕೆ ಏರಿರುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ದೊಡ್ಡವರನ್ನು ಕೇಳಿ ಎಲೆ-ಅಡಿಕೆ ತಟ್ಟೆಯ ಸುಣ್ಣ ಚೂರು ತೆಗೆದುಕೊಂಡು ಒಂದು ಲೋಟ ನೀರಿಗೆ ಕದಡಿ ಇಡಿ. ಮೇಲೆ ನಿಂತ ತಿಳಿನೀರನ್ನು ಬೇರೆ ಲೋಟಕ್ಕೆ ಬಗ್ಗಿಸಿ. ಅದರೊಳಗೆ ಸ್ಟ್ರಾ ಇಟ್ಟು ಮೆಲ್ಲಗೆ ಊದಿ. ಊದಬೇಕು, ಹೀರಲೇಬಾರದು. ಕಣ್ಣಿಗೆ ಸಿಡಿಯದಂತೆಯೂ ನೋಡಿಕೊಳ್ಳಿ, ದೊಡ್ಡವರು ಪಕ್ಕದಲ್ಲಿರಲಿ. ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಪಾವತಿ ಕಿಟಕಿಯಿಂದ ಹೊರಬಂದ ಮಾಲು ಅದೇ.

ಈ ಎರಡು ಕಿಟಕಿಗಳ ಕೆಲಸ ದೇಹಕ್ಕೆ ಸಾಲದಷ್ಟು ಕುಸಿದರೆ ಅದಕ್ಕೆ ಉಸಿರಾಟದ ವೈಫಲ್ಯ ಎನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದರಲ್ಲಿ ಜಮಾ ಕಿಟಕಿ ಕೆಡುತ್ತದೆ. ನ್ಯುಮೋನಿಯಾ ಬಂದು ಗಾಳಿಚೀಲಗಳಲ್ಲಿ ಕೀವು, ನೀರು ತುಂಬಿದಾಗ ಹೀಗಾಗುತ್ತದೆ. ಕೋವಿಡ್‌ನಲ್ಲಿ ಬಹಳ ಜನರಿಗೆ ಆದದ್ದು ಇದೇ. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 60ಕ್ಕಿಂತ ಕೆಳಗೆ ಇಳಿದರೆ ಇದನ್ನು ವೈಫಲ್ಯ ಎಂದು ಕರೆಯುತ್ತಾರೆ. ರೋಗಿ ಏದುಸಿರು ಬಿಡುತ್ತಾನೆ, ಚಡಪಡಿಸುತ್ತಾನೆ, ತುಟಿ ನೀಲಿಯಾಗುತ್ತದೆ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಎರಡನೆಯದರಲ್ಲಿ ಪಾವತಿ ಕಿಟಕಿ ಕೆಡುತ್ತದೆ. ಗಾಳಿ ಸಾಕಷ್ಟು ಒಳಹೊರಗೆ ಆಡದೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲೇ ಉಳಿದು, ರಕ್ತ ಆಮ್ಲೀಯವಾಗುತ್ತದೆ. ಸಿ.ಓ.ಪಿ.ಡಿ. ಬಲಿತವರಿಗೆ, ಉಸಿರಾಟದ ಸ್ನಾಯುಗಳು ಸೋತವರಿಗೆ, ಅತಿಯಾದ ಬೊಜ್ಜಿನಿಂದ ಎದೆ ಏರಿಳಿಯದವರಿಗೆ, ನಿದ್ದೆ ಮಾತ್ರೆ ಹೆಚ್ಚಾದವರಿಗೆ ಹೀಗಾಗಬಹುದು. ಇದು ಗಲಾಟೆ ಮಾಡದೆ ಬರುವ ಕಳ್ಳ. ಬೆಳಗ್ಗೆ ತಲೆನೋವು, ಹಗಲಿನಲ್ಲಿ ತೂಕಡಿಕೆ, ಮಾತಿನಲ್ಲಿ ಗೊಂದಲ, ಕೈ ಚಾಚಿದರೆ ಪಟಪಟ ನಡುಕ, ಕೊನೆಗೆ ಎಬ್ಬಿಸಿದರೂ ಏಳದ ಮಂಪರು. ನೋಡುವವರಿಗೆ ಹಾಯಾಗಿ ಮಲಗಿದ ಹಾಗೆ ಕಾಣುತ್ತದೆ.

ಹಾಗಾದರೆ ನಾನು ಕೊಟ್ಟ ಹೆಚ್ಚಿನ ಆಮ್ಲಜನಕ ಮಾಡಿದ್ದೇನು? ಸಿ.ಓ.ಪಿ.ಡಿ. ಇರುವವರ ಶ್ವಾಸಕೋಶ, ಹಾಳಾದ ಗಾಳಿಚೀಲಗಳ ಕಡೆಗೆ ರಕ್ತವನ್ನು ಕಡಿಮೆ ಮಾಡಿ, ಚೆನ್ನಾಗಿರುವ ಕಡೆಗೆ ಕಳಿಸಿ ಹೇಗೋ ಹೊಂದಿಸಿಕೊಂಡಿರುತ್ತದೆ. ಆಮ್ಲಜನಕ ಅತಿಯಾದಾಗ ಆ ಏರ್ಪಾಡು ಕೆಟ್ಟು, ಗಾಳಿಯಾಡದ ಚೀಲಗಳ ಕಡೆಗೂ ರಕ್ತ ಹರಿಯುತ್ತದೆ. ಅಲ್ಲಿ ಹೋದ ರಕ್ತ ತನ್ನ ಇಂಗಾಲದ ಡೈಆಕ್ಸೈಡ್ ಇಳಿಸದೆ ವಾಪಸು ಬರುತ್ತದೆ. ಜೊತೆಗೆ ಕೆಲವರಲ್ಲಿ ಉಸಿರಾಟವೇ ಸ್ವಲ್ಪ ನಿಧಾನವಾಗುತ್ತದೆ. ನೆಗಡಿ, ಕಫದಿಂದ ಆಗಲೇ ಸೋತಿದ್ದ ಪಾವತಿ ಕಿಟಕಿ ಆ ರಾತ್ರಿ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು.

ಆಕ್ಸಿಮೀಟರ್ ಯಾಕೆ ಹೇಳಲಿಲ್ಲ? ಅದು ಬೆರಳಿನ ಮೂಲಕ ಬೆಳಕು ಹಾಯಿಸಿ, ರಕ್ತದಲ್ಲಿ ಆಮ್ಲಜನಕ ಎಷ್ಟು ತುಂಬಿದೆ ಎಂಬುದನ್ನು ಮಾತ್ರ ನೋಡುತ್ತದೆ. ಜಪಾನಿನ ತಕುವೊ ಅಯೊಯಗಿ ಎಂಬ ಎಂಜಿನಿಯರು 1970ರ ದಶಕದಲ್ಲಿ ಕಂಡುಹಿಡಿದ ಉಪಾಯ ಅದು. ಬಹಳ ಉಪಕಾರಿ. ಆದರೆ ಅದು ಓದುವುದು ಜಮಾ ಪುಟ ಮಾತ್ರ. ಪಾವತಿ ಪುಟ ಅದಕ್ಕೆ ಕಾಣುವುದೇ ಇಲ್ಲ. ಜಮಾ ಪುಟ ಒಂದನ್ನೇ ನೋಡಿ ಲೆಕ್ಕ ಸರಿಯಿದೆ ಎಂದು ಸಹಿ ಹಾಕುವ ಗುಮಾಸ್ತನನ್ನು ಯಾರಾದರೂ ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆಯೇ? ನಾನು ಆ ರಾತ್ರಿ 97ರ ಕೆಳಗೆ ಗೆರೆ ಎಳೆದು ಮಾಡಿದ್ದು ಅದನ್ನೇ.

ಚೀಲ ಒತ್ತಿದ ಒಂದೂವರೆ ಸಾವಿರ ಕೈಗಳು

ಆ ನರ್ಸ್ ಹುಡುಗಿ ಒತ್ತುತ್ತಿದ್ದ ಚೀಲ ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. "ಅದರ ಹೆಸರು ಅಂಬು ಬ್ಯಾಗ್. ಡೆನ್ಮಾರ್ಕಿನಲ್ಲಿ 1956ರಲ್ಲಿ ಬಂದದ್ದು. ಅದಕ್ಕೂ ನಾಲ್ಕು ವರ್ಷ ಮೊದಲು ಅದೇ ದೇಶದಲ್ಲಿ ಏನಾಯಿತು ಎಂದು ಓದಿ ಸರ್" ಎಂದು ವೈದ್ಯರು ಹೇಳಿದ್ದರು. ಆಮೇಲೆ ಹುಡುಕಿ ಓದಿದೆ. ಪಾವತಿ ಕಿಟಕಿಯ ಪಾಠವನ್ನು ಜಗತ್ತಿನ ವೈದ್ಯರೂ ನನ್ನ ಹಾಗೆ ಕಷ್ಟಪಟ್ಟೇ ಕಲಿತಿದ್ದರು.

1952ರಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತು. ಪೋಲಿಯೊ ಎಂದರೆ ಕಾಲು ಸೊರಗುವ ಕಾಯಿಲೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಕೆಲವರಲ್ಲಿ ಅದು ನುಂಗುವ, ಉಸಿರಾಡುವ ಸ್ನಾಯುಗಳನ್ನೂ ನಿಲ್ಲಿಸಿಬಿಡುತ್ತದೆ. ಆಗ ಇದ್ದ ಯಂತ್ರ ಎಂದರೆ ಕಬ್ಬಿಣದ ಶ್ವಾಸಕೋಶ. ಕತ್ತಿನವರೆಗೂ ರೋಗಿಯನ್ನು ದೊಡ್ಡ ಡಬ್ಬಿಯೊಳಗೆ ಮಲಗಿಸಿ, ಒಳಗಿನ ಗಾಳಿಯ ಒತ್ತಡ ಏರಿಸಿ ಇಳಿಸಿ ಎದೆಯನ್ನು ಆಡಿಸುವ ಯಂತ್ರ. 1928ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲು ಬಳಕೆಗೆ ಬಂದದ್ದು. ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಅಂಥದ್ದು ಒಂದೇ ಒಂದು ಇತ್ತು. ಎದೆಗೆ ಕಟ್ಟುವ ಚಿಕ್ಕ ಯಂತ್ರಗಳು ಆರು. ಉಸಿರಾಟ ಕೆಟ್ಟು ಬಂದ ಮೊದಲ 31 ರೋಗಿಗಳಲ್ಲಿ 27 ಜನ ಸತ್ತರು. ಅವರಲ್ಲಿ ಬಹಳ ಮಂದಿ ಮಕ್ಕಳು.

ವೈದ್ಯರಿಗೆ ಒಂದು ಒಗಟು. ಆಮ್ಲಜನಕ ಕೊಟ್ಟಾಗ ರೋಗಿಯ ಬಣ್ಣ ಸರಿಯಾಗುತ್ತಿತ್ತು. ಆದರೂ ಅವನು ಬೆವರಿ, ರಕ್ತದೊತ್ತಡ ಏರಿ, ಮಂಪರಿಗೆ ಜಾರಿ ಸಾಯುತ್ತಿದ್ದ. ಪೋಲಿಯೊ ಮೆದುಳಿಗೇ ಏರಿದೆ ಎಂದುಕೊಂಡರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಮಾತ್ರ, "ಇದು ಮೆದುಳಿನ ಕಾಯಿಲೆಯಲ್ಲ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಿಲ್ಲ" ಎಂದು ವಾದಿಸಿದರು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮೈಮರೆತ ರೋಗಿಗಳಿಗೆ ದಿನವೂ ಚೀಲ ಒತ್ತಿ ಉಸಿರು ಕೊಟ್ಟವರು ಅವರು. ಈ ಲಕ್ಷಣಗಳ ಪರಿಚಯ ಅವರಿಗಿತ್ತು.

ಆಗಸ್ಟ್ 27ರಂದು ಅವರಿಗೆ ಒಂದು ಅವಕಾಶ ಸಿಕ್ಕಿತು. ಕೈಕಾಲು ಸೋತು, ಸಾವಿನ ಅಂಚಿನಲ್ಲಿದ್ದ 12 ವರ್ಷದ ಹುಡುಗಿ. ಅವಳ ಕತ್ತಿನಲ್ಲಿ ಸಣ್ಣ ರಂಧ್ರ ಮಾಡಿಸಿ ಶ್ವಾಸನಾಳಕ್ಕೆ ನಳಿಕೆ ಇಟ್ಟು, ಅದಕ್ಕೆ ರಬ್ಬರ್ ಚೀಲ ಜೋಡಿಸಿದರು. ಅವಳು ಒದ್ದಾಡುತ್ತಿದ್ದುದರಿಂದ ಗಾಳಿ ಒಳಗೆ ಹೋಗಲೇ ಇಲ್ಲ. ನೋಡುತ್ತಿದ್ದ ಹಲವರು ಇದು ಆಗದ ಕೆಲಸ ಎಂದು ಹೊರಗೆ ಹೋದರಂತೆ. ಇಬ್ಸೆನ್ ಅವಳಿಗೆ ಅರಿವಳಿಕೆ ಮದ್ದು ಕೊಟ್ಟರು. ಒದ್ದಾಟ ನಿಂತಿತು. ಆಗ ಅವರ ಕೈಯೇ ಅವಳ ಉಸಿರಾಯಿತು. ಬಣ್ಣ ಮರಳಿತು, ಬೆವರು ನಿಂತಿತು. ಮತ್ತೆ ಎದೆಗೆ ಕಟ್ಟುವ ಯಂತ್ರಕ್ಕೆ ಬದಲಿಸಿದರೆ, ಆಮ್ಲಜನಕ ಇದ್ದೂ, ಬೆವರು ಶುರು. ಚೀಲಕ್ಕೆ ಮರಳಿದರೆ ಶಾಂತ. ಎರಡನೆಯ ಕಿಟಕಿ ಇದೆ ಎಂಬುದು ಎಲ್ಲರ ಕಣ್ಣ ಮುಂದೆಯೇ ಸಾಬೀತಾಯಿತು. ಆ ಹುಡುಗಿ ಬದುಕಿದಳು. ಕೈಕಾಲು ಮರಳಲಿಲ್ಲ, ಆದರೆ 1971ರವರೆಗೂ ಬಾಳಿದಳು.

ದಾರಿಯೇನೋ ಸಿಕ್ಕಿತು. ಆದರೆ ಇಷ್ಟು ರೋಗಿಗಳಿಗೆ ಹಗಲೂ ರಾತ್ರಿ ಚೀಲ ಒತ್ತುವವರು ಯಾರು? ಮಕ್ಕಳೇ, ಕಾಲೇಜು ಹುಡುಗ ಹುಡುಗಿಯರು ಬಂದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕುಳಿತು ಒತ್ತಿದರು. ಒಂದೊಂದು ಹೊತ್ತಿನಲ್ಲಿ ಎಪ್ಪತ್ತು ರೋಗಿಗಳವರೆಗೂ ಹೀಗೆ ಕೈಯುಸಿರಿನ ಮೇಲೆ ಬದುಕಿದ್ದರು. ಕತ್ತಿನಲ್ಲಿ ನಳಿಕೆಯಿದ್ದ ಮಕ್ಕಳಿಗೆ ಮಾತಾಡಲು ಆಗುತ್ತಿರಲಿಲ್ಲ. ಒಂದು ಕೈಯಲ್ಲಿ ಚೀಲ ಒತ್ತುತ್ತ ಈ ವಿದ್ಯಾರ್ಥಿಗಳು ಅವರಿಗೆ ಕತೆ ಓದಿ ಹೇಳಿದರು. ಎಲ್ಲರ ಕೈ ಕೂಡಿ ಕೆಲಸ ಮಾಡಿದ್ದು ಸುಮಾರು 1,65,000 ಗಂಟೆ. ಮೊದಲು ನೂರಕ್ಕೆ 87ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ ಸುಮಾರು 25ಕ್ಕೆ ಇಳಿಯಿತು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಇಬ್ಸೆನ್ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಉಸಿರಾಟ ಕೆಟ್ಟ ರೋಗಿಗಳನ್ನು ಒಂದೇ ಕಡೆ ಇಟ್ಟು ಹಗಲೂ ರಾತ್ರಿ ನೋಡಿಕೊಳ್ಳುವ ವಿಭಾಗ ತೆರೆದರು. ಇಂದಿನ ಐ.ಸಿ.ಯು. ಹುಟ್ಟಿದ್ದು ಹೀಗೆ.

ಪೋಲಿಯೊ ಕತೆಯ ಕೊನೆ ನಿಮಗೆ ಗೊತ್ತು. ಭಾನುವಾರ ಬೂತಿಗೆ ಹೋಗಿ ಬಾಯಿಗೆ ಹಾಕಿಸಿಕೊಂಡ ಎರಡು ಹನಿ, ಬೆರಳಿಗೆ ಹಾಕಿದ ಶಾಯಿಯ ಗುರುತು. ಭಾರತದಲ್ಲಿ ಕೊನೆಯ ಕಾಡು ಪೋಲಿಯೊ ಪ್ರಕರಣ ಕಂಡದ್ದು 2011ರಲ್ಲಿ. 2014ರಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರವೂ ಸಿಕ್ಕಿತು.

"ಹಾಲಿನವನಿಗೆ ದುಡ್ಡು ಕೊಟ್ರಾ?"

ಹೆಂಡತಿಗೆ ಚೀಲದ ಬದಲು ಬೈಪ್ಯಾಪ್ ಎಂಬ ಯಂತ್ರದ ಮಾಸ್ಕ್ ಕಟ್ಟಿದರು. ಅದು ಉಸಿರು ಎಳೆಯುವಾಗ ಹೆಚ್ಚು ಒತ್ತಡ, ಬಿಡುವಾಗ ಕಡಿಮೆ ಒತ್ತಡ ಕೊಟ್ಟು, ಗಾಳಿಯನ್ನು ಚೆನ್ನಾಗಿ ಒಳಹೊರಗೆ ಆಡಿಸುತ್ತದೆ. ವಿದ್ಯಾರ್ಥಿಗಳ ಕೈ ಮಾಡಿದ ಕೆಲಸವನ್ನೇ ಈಗ ಸಣ್ಣ ಪೆಟ್ಟಿಗೆ ಮಾಡುತ್ತದೆ. ಆಮ್ಲಜನಕವನ್ನು ಅಳತೆಗೆ ಇಳಿಸಿದರು. ನಾಲ್ಕು ತಾಸಿಗೆ 92 ಇದ್ದದ್ದು 78ಕ್ಕೆ, ರಾತ್ರಿ 66ಕ್ಕೆ ಬಂತು. ನಾನು ಆ ಚೀಟಿಗಳನ್ನೆಲ್ಲ ಪಾಸ್‌ಬುಕ್ಕಿನ ಹಾಗೆ ಜೇಬಿನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ನೋಡುತ್ತ ಐ.ಸಿ.ಯು. ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಮಗ, ಸೊಸೆ ಮಧ್ಯಾಹ್ನವೇ ಬಂದಿದ್ದರು. ಮಗನಿಗೆ ನಾನೇ ಹೇಳಿದೆ, ತಿರುಪು ತಿರುಗಿಸಿದ್ದು ನಾನು ಎಂದು. ಅವನು ಏನೂ ಹೇಳದೆ ಪಕ್ಕದಲ್ಲಿ ಕುಳಿತ.

ಮೂರನೆಯ ದಿನ ಬೆಳಗ್ಗೆ ಒಳಗೆ ಕರೆದರು. ಮಾಸ್ಕ್ ಸ್ವಲ್ಪ ಸರಿಸಿದ್ದರು. ಹೆಂಡತಿ ಕಣ್ಣು ಬಿಟ್ಟು ನನ್ನನ್ನು ನೋಡಿ, "ರೀ, ಹಾಲಿನವನಿಗೆ ದುಡ್ಡು ಕೊಟ್ರಾ?" ಎಂದು ಕೇಳಿದಳು. ತಿಂಗಳ ಕೊನೆ ಅಲ್ಲವೇ. ನನಗೆ ಮಾತು ಬರಲಿಲ್ಲ. ಪಕ್ಕದಲ್ಲಿದ್ದ ನರ್ಸ್, "ಅಜ್ಜಿಯ ಲೆಕ್ಕ ಸರಿಯಾಗಿದೆ" ಎಂದು ನಕ್ಕಳು.

"ನೆಗಡಿಯಿಂದಲೇ ಅವರು ಅರ್ಧ ಸೋತಿದ್ದರು. ಎಲ್ಲ ನಿಮ್ಮಿಂದಲೇ ಆದದ್ದಲ್ಲ" ಎಂದು ವೈದ್ಯರು ನನಗೆ ಸಮಾಧಾನ ಹೇಳಿದರು. ಎಲ್ಲ ಅಲ್ಲದಿದ್ದರೂ ಒಂದಿಷ್ಟು ನನ್ನ ಖಾತೆಯದು. ಅದನ್ನು ಬೇರೆಯವರ ಖಾತೆಗೆ ಬರೆಯಲು ನನಗೆ ಮನಸ್ಸಿಲ್ಲ.

ಮನೆಯವರು ನೆನಪಿಡಬೇಕಾದದ್ದು

ಇದನ್ನು ಓದಿ ಯಾರೂ ಆಮ್ಲಜನಕಕ್ಕೆ ಹೆದರಬಾರದು. ಹೆದರಿ ಯಂತ್ರ ಆರಿಸಿದರೆ ಇನ್ನೂ ಬೇಗ ಅಪಾಯ. ಆಮ್ಲಜನಕವೂ ಒಂದು ಔಷಧಿ. ಬೇರೆ ಮಾತ್ರೆಗಳಂತೆ ಅದಕ್ಕೂ ಅಳತೆ ಇದೆ. ನನ್ನ ಹೆಂಡತಿಗೆ ಬರೆದ 88-92 ಎಲ್ಲರಿಗೂ ಅಲ್ಲ, ನಿಮಗೆ ಬರೆದದ್ದು ಅವಳಿಗಲ್ಲ. ನಿಮ್ಮ ವೈದ್ಯರು ಬರೆದುಕೊಟ್ಟ ಅಂಕಿಯೇ ನಿಮ್ಮದು. ಅದು ಸಾಲುತ್ತಿಲ್ಲ ಎನಿಸಿದರೆ ತಿರುಪಿಗಿಂತ ಮೊದಲು ಫೋನಿಗೆ ಕೈ ಹೋಗಲಿ, ರಾತ್ರಿ ಹತ್ತಾದರೂ ಸರಿ.

ಈ ಲಕ್ಷಣ ಕಂಡರೆ ಕಾಯಬೇಡಿ, 108ಕ್ಕೆ ಕರೆಮಾಡಿ: ಒಂದು ಪೂರ್ತಿ ವಾಕ್ಯ ಹೇಳಲಾಗದಷ್ಟು ಏದುಸಿರು, ತುಟಿ, ನಾಲಿಗೆ ನೀಲಿಯಾಗುವುದು, ಉಸಿರೆಳೆದಾಗ ಕತ್ತಿನ ನರ, ಸ್ನಾಯು ಬಿಗಿದು ನಿಲ್ಲುವುದು, ಪುಟ್ಟ ಮಕ್ಕಳಲ್ಲಿ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಕಾಯಿಲೆಯವರು ಇದ್ದಕ್ಕಿದ್ದಂತೆ ಗೊಂದಲದ ಮಾತಾಡುವುದು, ಎಬ್ಬಿಸಿದರೂ ಏಳದಿರುವುದು. ವಾಹನ ಬರುವ ತನಕ, ಎಚ್ಚರವಿದ್ದರೆ ದಿಂಬು ಒರಗಿಸಿ ಕೂರಿಸಿ. ಕೆಮ್ಮಿಗೆಂದು, ನಿದ್ದೆಗೆಂದು ಮನೆಯಲ್ಲಿದ್ದ ಮಂಪರಿನ ಮಾತ್ರೆ ಕೊಡಬೇಡಿ.

ಸಿ.ಓ.ಪಿ.ಡಿ. ಇರುವ ಹಿರಿಯರು ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಬೀಡಿ, ಸಿಗರೇಟು ಇದ್ದರೆ ಬಿಡಿ. ಈಗಲೂ ಸೌದೆ ಒಲೆ ಉರಿಸುವ ಮನೆಯಾದರೆ ಹೊಗೆ ಹೋಗಲು ದಾರಿ ಮಾಡಿ.

ಮಕ್ಕಳೇ, ನಿಮಗೆ ಇರುವುದು ಒಂದೇ ಕೆಲಸ. ಅಜ್ಜ ಅಜ್ಜಿ ದಿನವೂ ಹೇಗಿರುತ್ತಾರೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ದಿನಾ ಜಡೆ ಹಾಕುವವರು ಒಂದು ದಿನ ಹಾಕದಿದ್ದರೆ, ದಿನಾ ಬೈಯುವವರು ಒಂದು ದಿನ ಬೈಯದಿದ್ದರೆ, ಹೋಗಿ ದೊಡ್ಡವರಿಗೆ ಹೇಳಿ. "ಬಿಡು" ಅಂದರೆ ಬಿಡಬೇಡಿ, ಇನ್ನೊಂದು ಸಲ ಹೇಳಿ. ಪುಟ್ಟಿ ಆವತ್ತು ನನ್ನ ಮಾತು ಕೇಳಿ ಸುಮ್ಮನೆ ಆಟಕ್ಕೆ ಹೋಗಿದ್ದರೆ, ನಾನು ಇನ್ನೊಂದು ಲೋಟ ಕಾಫಿ ಕುಡಿಯುತ್ತಿದ್ದೆ.

ಈಗ ಪುಟ್ಟಿ ದೊಡ್ಡ ತರಗತಿಗೆ ಬಂದಿದ್ದಾಳೆ. ಎರಡು ಜಡೆ ಹೋಗಿ ಒಂದು ಜಡೆಯಾಗಿದೆ, ಹಾಕುವುದು ಅಜ್ಜಿಯೇ. ಅಜ್ಜಿ ರಾತ್ರಿ ಬೈಪ್ಯಾಪ್ ಮಾಸ್ಕ್ ಕಟ್ಟಿಕೊಂಡು ಮಲಗುತ್ತಾಳೆ. ಮೊದಮೊದಲು "ಆನೆ ಸೊಂಡಿಲು" ಎಂದು ನಗುತ್ತಿದ್ದವಳು ಈಗ ಅದಿಲ್ಲದೆ ಮಲಗುವುದಿಲ್ಲ. ಕಾನ್ಸಂಟ್ರೇಟರ್ ಅದೇ ಮೂಲೆಯಲ್ಲಿ ಗುಂಯ್‌ಗುಡುತ್ತಿದೆ. ಆಸ್ಪತ್ರೆಯಿಂದ ಬಂದ ದಿನವೇ ಪುಟ್ಟಿ ಅದರ ಕೊಳವೆಯ ಮೇಲೆ, 1ರ ಗೆರೆಯ ಪಕ್ಕದಲ್ಲಿ, ಕೆಂಪು ಬಿಂದಿ ಅಂಟಿಸಿದಳು. ತಿರುಪಿನ ಕೆಳಗೆ ನೋಟ್‌ಬುಕ್ಕಿನ ಹಾಳೆ ಹರಿದು, ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ ಇನ್ನೂ ಹಾಗೆಯೇ ಇದೆ:

"ಅಜ್ಜ ಮುಟ್ಟಬಾರದು."